ದೊರೆಯ ವಸಡು, ಆಸ್ಥಾನದ ಹಸಿವು

ಗವಿದುರ್ಗದ ದೊರೆ ವೀರಕಂಠ ನಾಯಕನಿಗೆ ಒಂದು ದೊಡ್ಡ ಹೆಮ್ಮೆಯಿತ್ತು. ಕಣ್ಣಿಗೆ ಕಾಣದ ಯಾವುದಕ್ಕೂ ತನ್ನ ಬೊಕ್ಕಸದಿಂದ ಬಿಡಿಗಾಸೂ ಹೋಗಿಲ್ಲ ಎಂದು ತುಂಬಿದ ಸಭೆಯಲ್ಲಿ ಎದೆ ತಟ್ಟಿಕೊಂಡು ಹೇಳುತ್ತಿದ್ದ. ಗೋಪುರಕ್ಕೆ ಚಿನ್ನದ ಕಳಶ ಇಡಿಸಿದ್ದ, ಏಕೆಂದರೆ ಅದು ಹತ್ತೂರಿಗೆ ಕಾಣುತ್ತದೆ. ಅರಮನೆಯ ಚರಂಡಿಯನ್ನು ಮಾತ್ರ ಅವನ ಅಜ್ಜನ ಕಾಲದಿಂದ ಯಾರೂ ಮುಟ್ಟಿರಲಿಲ್ಲ.

ಇಂಥ ದೊರೆಯ ವಸಡಿಗೆ ರೋಗ ಬಂತು.

ಬೇವಿನ ಕಡ್ಡಿ ತಾಗಿದರೆ ರಕ್ತ. ತಣ್ಣೀರು ತಾಗಿದರೆ ಪ್ರಾಣ ಹೋಗುವಂಥ ನೋವು. ದೊರೆ ಬಾಯಿ ತೆರೆದರೆ ಹತ್ತಿರ ನಿಂತ ಮಂತ್ರಿಗಳಿಗೆ ತಲೆಸುತ್ತು. ಊಟಕ್ಕೆ ಕೂತರೆ ಎರಡು ಗುಟುಕು ಗಂಜಿ ಕುಡಿದು ಎದ್ದುಬಿಡುತ್ತಿದ್ದ.

ದೊರೆ ಎದ್ದರೆ ಪಂಕ್ತಿಯೆಲ್ಲ ಏಳಬೇಕು, ಅದು ಆ ಅರಮನೆಯ ಕಟ್ಟಳೆ. ಮನೆಗೆ ಹೋಗಿ ಉಣ್ಣೋಣವೆಂದರೆ ಅರಮನೆಯ ಅನ್ನಕ್ಕೆ ಅವಮಾನ ಮಾಡಿದ ತಪ್ಪು. ಹೀಗಾಗಿ ಆಸ್ಥಾನದವರೆಲ್ಲ ಎಲೆ ತುಂಬ ಬಡಿಸಿದ್ದನ್ನು ಕಣ್ಣಲ್ಲೇ ಉಂಡು ಕೈ ತೊಳೆಯುತ್ತಿದ್ದರು. ಸೇನಾಪತಿಯ ನಡುಪಟ್ಟಿ ಜಾರತೊಡಗಿತು.

ಎಲ್ಲರಿಗಿಂತ ಹೆಚ್ಚು ಸಂಕಟ ಬೊಮ್ಮರಸನಿಗೆ. ಅವನು ಆಸ್ಥಾನದ ಮಾತುಗಾರ. ಹಾಸ್ಯಕ್ಕೆ ಹೆಸರಾದವನು, ಊಟಕ್ಕೆ ಇನ್ನೂ ಹೆಚ್ಚು ಹೆಸರಾದವನು. ಪಾಪ, ಹೊಟ್ಟೆ ತಾಳ ಹಾಕುತ್ತಿರುವಾಗ ಯಾರಿಗೆ ತಮಾಷೆ ಹೊಳೆದೀತು?

ಅರಮನೆಯ ವೈದ್ಯ ಅನಂತಪಂಡಿತ ದೊರೆಯ ಬಾಯಿ ನೋಡಿ ಮೂಗಿಗೆ ಉತ್ತರೀಯ ಹಿಡಿದ.

"ಹಲ್ಲಿನ ಬುಡದಲ್ಲಿ ಪಾಚಿ ಕಲ್ಲಾಗಿ ಕೂತಿದೆ ಪ್ರಭು. ಕೆರೆದು ತೆಗೆದು ಔಷಧಿ ಹಚ್ಚಬೇಕು. ಕೆರೆಯ ಕೆಳಗಿನ ಒಂದು ಗದ್ದೆ ಕೊಡಿಸಿ, ವಾಸಿ ಮಾಡುತ್ತೇನೆ."

"ಗದ್ದೆಯೇ! ಹೋದ ವರ್ಷ ಒಂದು ಹಸು ಸಾಕು ಅಂದಿದ್ದಿರಲ್ಲ?"

"ಹೋದ ವರ್ಷ ಬರೀ ರಕ್ತ ಬರುತ್ತಿತ್ತು. ಈಗ ಕೀವು. ಮುಂದಿನ ವರ್ಷ ಕರೆಸಿದರೆ ಒಂದು ಹಳ್ಳಿಯನ್ನೇ ಕೇಳಬೇಕಾಗುತ್ತದೆ."

"ಹಲ್ಲಿಗಾದರೆ ಕೊಟ್ಟೇನು, ನಕ್ಕಾಗ ನಾಲ್ಕು ಜನ ನೋಡುತ್ತಾರೆ. ವಸಡನ್ನು ಯಾರು ನೋಡುತ್ತಾರ್ರೀ?" ಎಂದ ದೊರೆ ಬೊಮ್ಮರಸನ ಕಡೆ ತಿರುಗಿದ. "ಏ ಬೊಮ್ಮರಸ, ಒಂದು ಕಾಸೂ ಖರ್ಚಿಲ್ಲದ ಚಿಕಿತ್ಸೆ ಹುಡುಕಿಕೊಂಡು ಬಾ. ಅಲ್ಲಿಯವರೆಗೆ ನನಗೆ ಗಂಜಿಯೇ ಗತಿ."

ದೊರೆಗೆ ಗಂಜಿ ಎಂದರೆ ತಮಗೆಲ್ಲ ಉಪವಾಸ. ಸಭೆಗೆ ಸಭೆಯೇ ಬೊಮ್ಮರಸನ ಮುಖವನ್ನು ದೀನವಾಗಿ ನೋಡಿತು.

ಮಾರನೆಯ ದಿನ ಬೊಮ್ಮರಸ ಇಬ್ಬರನ್ನು ಕರೆದುಕೊಂಡು ಬಂದ. ಒಬ್ಬ, ಹಿಂದೆ ಅರಮನೆಯ ಬಾಗಿಲಲ್ಲಿ ಕೊಂಬು ಊದುತ್ತಿದ್ದ ಮುದುಕ ಕರಿಬಸಣ್ಣ. ಇನ್ನೊಬ್ಬ, ಆನೆದಂತದ ಕೆತ್ತನೆಯ ವಿರೂಪಾಚಾರಿ.

"ಸಿಕ್ಕಿತು ಪ್ರಭು, ಪುಕ್ಕಟೆ ಚಿಕಿತ್ಸೆ!" ಎಂದ ಬೊಮ್ಮರಸ ಮುದುಕನನ್ನು ಮುಂದೆ ತಳ್ಳಿದ. "ಈತನಿಗೂ ತಮ್ಮದೇ ರೋಗವಿತ್ತು. ಒಂದು ಕಾಸೂ ಬಿಚ್ಚಲಿಲ್ಲ. ಈಗ ರಕ್ತವಿಲ್ಲ, ಕೀವಿಲ್ಲ, ನೋವಿಲ್ಲ."

"ಭಲೆ! ಏನು ಮಾಡಿದೆಯಪ್ಪಾ?"

"ಏನೂ ಮಾಡ್ಲಿಲ್ಲ ಬುದ್ಧಿ. ಸುಮ್ಕಿದ್ದೆ. ಒಂದೊಂದಾಗಿ ಅವೇ ಉದುರಿ ಹೋದ್ವು," ಎಂದು ಕರಿಬಸಣ್ಣ ಬಾಯಿ ತೆರೆದ. ಒಳಗೆ ಹೇಳಿಕೊಳ್ಳಲು ಒಂದು ಹಲ್ಲೂ ಇರಲಿಲ್ಲ. "ಆಮೇಲೆ ಕೊಂಬು ಊದೋಕಾಗ್ದೆ ಬರೀ ಗಾಳಿ ಬರ್ತಿತ್ತು. ತಾವೇ ಕೆಲ್ಸ ಬಿಡಿಸಿದ್ರಿ."

ದೊರೆ ಮೆಲ್ಲಗೆ ತನ್ನ ಮುಂದಿನ ಹಲ್ಲಿಗೆ ನಾಲಿಗೆ ತಾಗಿಸಿ ನೋಡಿಕೊಂಡ. ಅದು ಅಲುಗಾಡಿತು. ಆದರೂ ಹಟ ಬಿಡಬೇಕಲ್ಲ!

"ಹೋದರೆ ಹೋಗಲಿ. ಆನೆದಂತದ ಹಲ್ಲು ಕಟ್ಟಿಸಿಕೊಳ್ಳುತ್ತೇನೆ. ಅದಾದರೆ ಫಳಫಳ ಹೊಳೆಯುತ್ತದೆ."

"ತಾವು ಹಾಗೆ ಹೇಳುತ್ತೀರಿ ಅಂತಲೇ ಆಚಾರಿಯನ್ನೂ ಕರೆತಂದೆ."

ವಿರೂಪಾಚಾರಿ ಕೈಮುಗಿದ. "ಹಳೇ ದಂತ ಸೀಳಿ ಹೋಗುತ್ತೆ ಬುದ್ಧಿ. ತಮ್ಮ ಬಾಯಿಗೆ ಒಪ್ಪುವಂಥ ದಂತ ಈ ಸೀಮೆಯಲ್ಲಿರೋದು ಒಂದೇ ಕಡೆ." ಅವನು ಕಿಟಕಿಯಾಚೆ ಬೆರಳು ತೋರಿಸಿದ. ಅಲ್ಲಿ ಪಟ್ಟದಾನೆ ಕಬ್ಬು ತಿನ್ನುತ್ತ ನಿಂತಿತ್ತು.

"ನನ್ನ ಪಟ್ಟದಾನೆಯ ದಂತವೇ!"

"ಚಿಂತೆ ಯಾಕೆ ಪ್ರಭು?" ಎಂದ ಬೊಮ್ಮರಸ. "ಮೆರವಣಿಗೆಯಲ್ಲಿ ಆನೆಯ ಮೇಲೆ ತಾವು ಇದ್ದೇ ಇರುತ್ತೀರಿ. ದಂತ ಕೆಳಗಿರುವ ಬದಲು ಮೇಲಿರುತ್ತದೆ, ಅಷ್ಟೇ."

ಸೇನಾಪತಿ ನಗು ತಡೆಯಲಾರದೆ ಕೆಮ್ಮಿದ.

"ಇನ್ನೊಂದು ಮಾತಿದೆ ಬುದ್ಧಿ," ಆಚಾರಿ ತಲೆ ಕೆರೆದುಕೊಂಡ. "ಕಟ್ಟಿದ ಹಲ್ಲು ವಸಡಿನ ಮೇಲೇ ಕೂರಬೇಕು. ಕೀವಾದ ವಸಡಿನ ಮೇಲೆ ಕೂರೋದಿಲ್ಲ. ಮೊದಲು ಪಂಡಿತರ ಹತ್ತಿರ ವಾಸಿ ಮಾಡಿಸಿಕೊಂಡು ಬರಬೇಕು."

"ಅಷ್ಟು ಹೊತ್ತಿಗೆ ನನ್ನ ದರ ಹಳ್ಳಿಯಾಗಿರುತ್ತದೆ," ಎಂದು ಪಂಡಿತ ನೆನಪಿಸಿದ.

ದೊರೆ ಸಿಂಹಾಸನದ ಕೈ ಹಿಡಿದು ಮುಂದೆ ಬಾಗಿದ. "ಹಾಗಾದರೆ ನಿನ್ನ ಪುಕ್ಕಟೆ ಚಿಕಿತ್ಸೆಗೆ ಒಟ್ಟು ಖರ್ಚೆಷ್ಟೋ?"

"ಪಟ್ಟದಾನೆಯ ದಂತ, ಒಂದು ಹಳ್ಳಿ, ಬಾಯಿ ತುಂಬ ಹಲ್ಲು. ಅಷ್ಟು ಬಿಟ್ಟರೆ ಪೂರ್ತಿ ಪುಕ್ಕಟೆ ಪ್ರಭು."

ದೊರೆ ಹುಬ್ಬು ಗಂಟಿಕ್ಕಿದ, ಮೀಸೆ ತಿರುವಿದ, ಕೊನೆಗೆ ತಡೆಯಲಾಗದೆ ಗಹಗಹಿಸಿ ನಕ್ಕುಬಿಟ್ಟ. ನಕ್ಕ ರಭಸಕ್ಕೆ ವಸಡಿನಿಂದ ರಕ್ತ ಒಸರಿ, ಅವನ ಬಿಳಿ ರೇಷ್ಮೆ ಉತ್ತರೀಯದ ಮೇಲೆ ಸಭೆಯೆಲ್ಲ ನೋಡುವಂತೆ ಬಿತ್ತು.

"ಈಗ ವಸಡು ಎಲ್ಲರಿಗೂ ಕಾಣಿಸಿತು ಪ್ರಭು," ಎಂದ ಬೊಮ್ಮರಸ ವಿನಯದಿಂದ. "ಇನ್ನು ಬೊಕ್ಕಸ ತೆರೆಯಲು ಅಡ್ಡಿಯಿಲ್ಲ."

ಗದ್ದೆ ಪಂಡಿತನದಾಯಿತು. ಅವನು ಕೆರೆದ, ತೊಳೆದ, ಜಾಲಿ ತೊಗಟೆಯ ಕಷಾಯದಲ್ಲಿ ಬಾಯಿ ಮುಕ್ಕಳಿಸಲು ಹೇಳಿದ. ವಸಡು ಮೆಲ್ಲಮೆಲ್ಲಗೆ ಹಲ್ಲನ್ನು ಬಿಗಿಯಾಗಿ ಹಿಡಿದುಕೊಂಡಿತು.

ಕೊನೆಗೊಂದು ದಿನ ಊಟದ ಪಂಕ್ತಿಯಲ್ಲಿ ದೊರೆ ಒಂದು ಕೋಡುಬಳೆ ಎತ್ತಿ ಕಟುಂ ಎಂದು ಕಡಿದ. ಏನೂ ಆಗಲಿಲ್ಲ. ಇನ್ನೊಂದು ಕಡಿದ. ಅಷ್ಟೇ, ಆಸ್ಥಾನ ಅನ್ನದ ಮೇಲೆ ಬಿದ್ದಿತು. ಬಡಿಸುವವರಿಗೆ ಕೈ ಸಾಲದಾಯಿತು.

ದೊರೆ ತೃಪ್ತಿಯಿಂದ ತೇಗಿದ. "ಬೊಮ್ಮರಸ, ನನ್ನ ಹಲ್ಲೂ ಉಳಿಸಿದೆ, ಆನೆಯ ದಂತವನ್ನೂ ಉಳಿಸಿದೆ. ಏನು ಬೇಕೋ ಕೇಳು, ಊರು ಬೇಕಾದರೂ ಕೊಟ್ಟೇನು," ಎನ್ನುತ್ತ ಏಳಲು ನೆಲಕ್ಕೆ ಕೈಯೂರಿದ.

ಬೊಮ್ಮರಸ ಗಾಬರಿಯಿಂದ ತನ್ನ ಎಲೆ ನೋಡಿಕೊಂಡ. ಅದಕ್ಕೆ ಅದೇ ತಾನೆ ಬಿಸಿ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ.

"ಊರು ಬೇಡ ಪ್ರಭು," ಎಂದು ಅವನು ಗೋಗರೆದ. "ತಾವು ಇನ್ನೊಂದು ಕೋಡುಬಳೆ ತೆಗೆದುಕೊಳ್ಳಿ!"