ತಲೆಬರಹದ ಕತ್ತರಿ

ದರ್ಜಿ ಮೌಲಾಸಾಬರ ಬಟ್ಟೆ ಕತ್ತರಿ ಹಳೆಯ ಪತ್ರಿಕೆಗಳಲ್ಲಿ ತನ್ನ ಹೆಸರು ಕಂಡು ಹಿಗ್ಗಿತು.

"ನೋಡು ಸೂಜಿ, ಅನುದಾನಕ್ಕೆ ಕತ್ತರಿ, ಸಚಿವರ ಅಧಿಕಾರಕ್ಕೆ ಕತ್ತರಿ, ಜನರ ಜೇಬಿಗೂ ಕತ್ತರಿ. ಇಡೀ ರಾಜ್ಯವೇ ನನ್ನ ಕೈಯಲ್ಲಿದೆ."

"ನೀವು ಈ ಮೇಜು ಬಿಟ್ಟು ಹೋದದ್ದನ್ನು ನಾನಂತೂ ನೋಡಿಲ್ಲ," ಎಂದಿತು ಸೂಜಿ. "ಕಾಗದ ಮಾತ್ರ ಮುಟ್ಟಬೇಡಿ ಅಣ್ಣ, ಮೊಂಡಾಗುತ್ತೀರಿ."

ಕತ್ತರಿ ಕೇಳಲಿಲ್ಲ. ತನ್ನ ಹೆಸರಿದ್ದ ತಲೆಬರಹಗಳನ್ನೆಲ್ಲ ಕತ್ತರಿಸಿ ಕೂಡಿಟ್ಟುಕೊಂಡಿತು.

ಮರುದಿನ ಮದುವೆಯ ರೇಷ್ಮೆ ಬಂತು. ಕತ್ತರಿ ಅದನ್ನು ಕತ್ತರಿಸಲಾರದೆ ಬರೀ ಅಗಿಯಿತು. ಮೌಲಾಸಾಬರು ಆ ಕತ್ತರಿಯನ್ನು ಪತ್ರಿಕೆಗಳ ರಾಶಿಯ ಮೇಲೆ ಎಸೆದು, ಹೊಸದೊಂದನ್ನು ತಂದರು.

ಸೂಜಿ ಹೊಸ ಕತ್ತರಿಯನ್ನು ಕೇಳಿತು: "ನಿಮಗೆ ಓದಲು ಬರುತ್ತದೆಯೇ?"

"ಇಲ್ಲ."

"ಒಳ್ಳೆಯದಾಯಿತು. ಬನ್ನಿ, ಕೆಲಸವಿದೆ."