ವರ್ಷವಿಡೀ ಪಂಚಮಿ

"ನಗರ ಬಡವರ ಮಕ್ಕಳಿಗೆ ಒಳ್ಳೆಯ ಜಾಗವಾಗಬೇಕಾದರೆ ಮೊದಲು ಏನು ಕಟ್ಟಬೇಕು, ಅಜ್ಜಾ?"

ಮಠದ ಗುರುಗಳನ್ನು ಹೀಗೆ ಕೇಳಿದ ಚನ್ನಮಲ್ಲನಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಅವನು ಹಿಂದೆ ಇದೇ ಮಠದಲ್ಲಿ ಕಲಿತು ಹೋದ ಶಿಷ್ಯ. ಈಗ ನಗರದ ಓಣಿಗಳನ್ನು ಸುಧಾರಿಸುವ ಹೊಣೆ ಅವನ ಪಾಲಿಗೆ ಬಂದಿತ್ತು. ಆಟದ ಬಯಲು, ಓದುವ ಮನೆ, ಹೂದೋಟ ಎಂದು ಒಂದರ ಮೇಲೊಂದು ಹೇಳುತ್ತಲೇ ಹೋದ. ಊಟ ನಿದ್ದೆ ಬಿಟ್ಟು ಇದರಲ್ಲೇ ಮುಳುಗಿದ್ದೇನೆ, ಹೆಂಡತಿಯೂ ಇದೇ ಕೆಲಸಕ್ಕೆ ಟೊಂಕ ಕಟ್ಟಿದ್ದಾಳೆ, ಮನೆಯಲ್ಲಿ ಕೂಸನ್ನು ಎತ್ತಿ ಆಡಿಸಲು ಒಬ್ಬಳು ಸಿಕ್ಕಿದ್ದಕ್ಕೆ ಬದುಕಿದೆವು ಎಂದೂ ಹೇಳಿದ.

ಗುರುಗಳು ಎಲ್ಲವನ್ನೂ ಕೇಳಿದರು. ಏನು ಕಟ್ಟಬೇಕೆಂದು ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ನಗರದಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಒಳ್ಳೆಯ ಮನುಷ್ಯ, ಆದರೆ ಮಹಾ ಅವಸರದವನು, ನಿನ್ನ ಹಾಗೆಯೇ ಅನ್ನು. ಮನಸ್ಸಿಗೆ ಒಂದು ಬಂತೆಂದರೆ ಮುಗಿಯಿತು. ಅದು ಆಗುವ ತನಕ ತಾನೂ ಕೂರುತ್ತಿರಲಿಲ್ಲ, ಮನೆಯವರನ್ನೂ ಕೂರಗೊಡುತ್ತಿರಲಿಲ್ಲ.

ನಾಗರ ಪಂಚಮಿಯ ದಿನ ಅವನು ಬಣ್ಣಗಾರರ ಓಣಿ ಹಾದು ಹೋಗುತ್ತಿದ್ದ. ನೂಲಿಗೆ ಬಣ್ಣ ಹಾಕಿ ಹೊಟ್ಟೆ ಹೊರೆಯುವ ಬಡವರ ಓಣಿ ಅದು. ಓಣಿಯ ಕೊನೆಯಲ್ಲಿದ್ದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಓಣಿಯ ಮಕ್ಕಳೆಲ್ಲ ಅಲ್ಲೇ ಮುತ್ತಿಕೊಂಡಿದ್ದರು. ಸರದಿಗಾಗಿ ಕಿತ್ತಾಟ, ಕೂಗಾಟ, ನಗೆ. ಸಾವಂತ್ರಿ ಎಂಬ ಹುಡುಗಿ ಜೀಕಿ ಜೀಕಿ ಮೇಲೇರಿ, ತುದಿಯ ಎಲೆಯನ್ನು ಹಲ್ಲಲ್ಲಿ ಕಚ್ಚಿ ತಂದಳು. ಓಣಿಗೆ ಓಣಿಯೇ ಹೋ ಎಂದಿತು.

ವರ್ತಕನೂ ಹೋ ಎಂದ. ಮರುಗಳಿಗೆಯೇ ಅವನ ಕರುಳು ಚುರುಕ್ ಎಂದಿತು. ಈ ಮಕ್ಕಳಿಗೆ ಈ ಸುಖ ವರ್ಷಕ್ಕೆ ಒಂದೇ ದಿನವಲ್ಲವೇ ಎಂದುಕೊಂಡ. ಅಷ್ಟರಲ್ಲೇ ಉಪಾಯ ಹೊಳೆದು ಕುಣಿಯುವಷ್ಟು ಹಿಗ್ಗಿದ. ವರ್ಷವಿಡೀ ಜೋಕಾಲಿ ಇದ್ದರೆ ವರ್ಷವಿಡೀ ಪಂಚಮಿ. ಇಷ್ಟು ಸುಲಭದ ಮಾತು ಇದುವರೆಗೆ ಯಾರ ತಲೆಗೂ ಹೋಗಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಓಣಿಯ ಪಕ್ಕ ಅರಸನದೊಂದು ಬಯಲಿತ್ತು. ಕುದುರೆ ಲಾಯ ಕಟ್ಟಿಸಲೆಂದು ಇಟ್ಟುಕೊಂಡದ್ದು. ವರ್ತಕ ಅರಸನ ಬೆನ್ನು ಬಿಡಲಿಲ್ಲ. ಕಾಟ ತಾಳಲಾರದೆ ಅರಸ ಒಪ್ಪಿದ. ಮಹಾನವಮಿಯ ಹೊತ್ತಿಗೆ ಬಯಲು ಮಕ್ಕಳಿಂದ ತುಂಬಿದ್ದರೆ ಅದು ಮಕ್ಕಳದು, ಖಾಲಿ ಇದ್ದರೆ ಕುದುರೆಗಳದು ಎಂದು ಮಾತಾಯಿತು.

ವರ್ತಕ ಸಾಗುವಾನಿ ಕಂಬ ನೆಡಿಸಿದ. ಹೊಸ ಹಗ್ಗದ ಜೋಕಾಲಿ ಕಟ್ಟಿಸಿದ. ಜಾರುಬಂಡೆ ಇಡಿಸಿ, ಬಿದ್ದರೆ ನೋಯಬಾರದೆಂದು ಹೊಳೆಯ ಮರಳು ಹಾಸಿಸಿದ. ಡಂಗುರ ಹೊಡೆಸಿ ತಾನೇ ಬಾಗಿಲಲ್ಲಿ ನಿಂತ.

ಮಕ್ಕಳು ಬಂದರು. ಹೊರಗೆ ನಿಂತು ಕಣ್ತುಂಬ ನೋಡಿದರು. ಹೊರಟು ಹೋದರು.

ಮರುದಿನವೂ ಹಾಗೆಯೇ ಆಯಿತು. ಹೆದರಿದ್ದಾರೆಂದು ವರ್ತಕ ಕಾವಲುಗಾರನನ್ನು ತೆಗೆದುಹಾಕಿದ. ನಾಚಿದ್ದಾರೆಂದು ಉಂಡಿ ಹಂಚಿಸಿದ. ಮಕ್ಕಳು ಉಂಡಿಗೆ ಬಾಯಿ ಒಡ್ಡಿದರೇ ಹೊರತು ಕೈ ಚಾಚಲಿಲ್ಲ. ಅದನ್ನೂ ಅವನು ಗಮನಿಸಲಿಲ್ಲ. ವಾಲಗದವರನ್ನು ಕರೆಸಿ ಊದಿಸಿದ. ಮಕ್ಕಳು ನಿಂತಲ್ಲೇ ಕಾಲು ಕುಣಿಸಿ ಹೋದರು. ಕೊನೆಗೆ ಸಿಟ್ಟು ಬಂತು. ಈ ಓಣಿಯವರಿಗೆ ಒಳ್ಳೆಯದು ದಕ್ಕುವುದಿಲ್ಲ ಎಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಅತ್ತ ಮಹಾನವಮಿ ಹತ್ತಿರ ಬಂತು. ಕೊತ್ವಾಲ ಬಂದು, ಕುದುರೆ ಕಟ್ಟುವ ಗೂಟಕ್ಕೆ ಜಾಗ ಗುರುತು ಹಾಕಿ ಹೋದ.

ಹಬ್ಬದ ಬೆಳಗ್ಗೆ ವರ್ತಕನಿಗೆ ತಡೆಯಲಾಗಲಿಲ್ಲ. ನೀರು ಹೊತ್ತು ಬರುತ್ತಿದ್ದ ಸಾವಂತ್ರಿಯನ್ನು ದಾರಿಯಲ್ಲೇ ನಿಲ್ಲಿಸಿದ.

"ಪಂಚಮಿಗೆ ಮರದ ತುದಿ ಮುಟ್ಟಿದವಳು ನೀನು. ನನ್ನ ಜೋಕಾಲಿ ನಿನಗೇನು ಪಾಪ ಮಾಡಿದೆ, ಮಗಳೇ?"

ಸಾವಂತ್ರಿ ತಲೆಯ ಮೇಲಿನ ಕೊಡ ಸರಿಪಡಿಸಿಕೊಂಡಳು. ಸೊಂಟದಿಂದ ಜಾರುತ್ತಿದ್ದ ತಮ್ಮನನ್ನು ಮೇಲಕ್ಕೆ ಎಳೆದುಕೊಂಡಳು.

"ಜೋಕಾಲಿ ಚೆನ್ನಾಗಿದೆ, ಸಾಹುಕಾರರೇ. ಪಂಚಮಿಗೆ ಸೋದರತ್ತೆ ಬಂದಿದ್ದಳು. ಇವನನ್ನು ಅವಳು ಎತ್ತಿಕೊಂಡಿದ್ದಳು."

ವರ್ತಕ ಆಗ ಮೊದಲ ಸಲ ಕಣ್ಣು ಬಿಟ್ಟು ನೋಡಿದ. ದಾರಿಯಲ್ಲಿ ಬರುತ್ತಿದ್ದ ಒಂದು ಮಗುವಿನ ತಲೆಯ ಮೇಲೆ ನೂಲಿನ ಹೊರೆ, ಇನ್ನೊಂದರ ತಲೆಯ ಮೇಲೆ ಸೌದೆ. ಸೊಂಟದ ಮೇಲೆ ಕೂಸಿಲ್ಲದ ಹುಡುಗಿ ಒಬ್ಬಳೂ ಇರಲಿಲ್ಲ. ಪಂಚಮಿಯಂದು ಓಣಿಯಲ್ಲಿ ಒಲೆಗೆ ಹಂಚು ಇಡುವುದಿಲ್ಲ, ಬಣ್ಣದ ಕಡಾಯಿಗೆ ಬೆಂಕಿ ಹಾಕುವುದಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುತ್ತಾರೆ. ಮನೆತುಂಬ ಬಿಡುವಾದ ಕೈಗಳು. ಕೂಸು ಅತ್ತೆಯ ಕಂಕುಳಿಗೆ ಹೋಗುತ್ತದೆ, ಮಗು ಮರದ ಕಡೆಗೆ ಓಡುತ್ತದೆ. ವರ್ತಕ ಅಂದು ಜೋಕಾಲಿಯನ್ನು ಕಂಡಿದ್ದ. ಪಕ್ಕದಲ್ಲೇ ನಿಂತಿದ್ದ ಅತ್ತೆಯನ್ನು ಕಂಡಿರಲಿಲ್ಲ.

ಅವನಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚು ಹುರುಪೂ ಬಂತು. ಕೊಡವನ್ನು ಇಳಿಸಿ ಪಕ್ಕಕ್ಕಿಟ್ಟ. ಕೂಸನ್ನು ಇಸಿದುಕೊಂಡು ತನ್ನ ಸೊಂಟಕ್ಕೇರಿಸಿದ. ಅದು ಹಬ್ಬದ ರೇಷ್ಮೆ ಪಂಚೆಯ ಮೇಲೆ ಬೆಚ್ಚಗೆ ಉಚ್ಚೆ ಹೊಯ್ದಿತು. ವರ್ತಕ ಬಿದ್ದು ಬಿದ್ದು ನಕ್ಕ. ಸಾವಂತ್ರಿ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಓಡಿದಳು ನೋಡು, ಕಾಲು ನೆಲಕ್ಕೆ ತಾಗಲಿಲ್ಲ.

ವರ್ತಕ ಕೂಸಿನ ಸಮೇತ ಪೇಟೆಗೆ ಓಡಿದ. ಗುಮಾಸ್ತರನ್ನು ಎಬ್ಬಿಸಿದ, ಗಾಡಿಯವರನ್ನು ಕರೆದ, ಹೆಂಡತಿ ಸೊಸೆಯರನ್ನು ಹೊರಡಿಸಿದ. ಮಗು ಕಂಡಲ್ಲೆಲ್ಲ ಅದರ ಹೊರೆ ಇಳಿಸಿರಿ, ಕೂಸನ್ನು ಇಸಿದುಕೊಳ್ಳಿರಿ ಎಂದು ಕೂಗುತ್ತ ಓಣಿಯೆಲ್ಲ ಸುತ್ತಿದ. ಕೊತ್ವಾಲ ಕುದುರೆಗಳನ್ನು ಹೊಡೆದುಕೊಂಡು ಬರುವ ಹೊತ್ತಿಗೆ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇದೇನು ಗದ್ದಲ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ವರ್ತಕ ಅವನ ಕೈಗೂ ಒಂದು ಕೂಸನ್ನು ಕೊಟ್ಟ. ಕುದುರೆಗಳು ಬಂದ ದಾರಿ ಹಿಡಿದವು.

ಆದರೆ ನಾಳೆ ಎಂಬುದೊಂದಿತ್ತಲ್ಲ. ಗುಮಾಸ್ತರು ದಿನಾ ಕೂಸು ಎತ್ತುತ್ತಾರೆಯೇ? ವರ್ತಕ ಕೆರೆಯಿಂದ ಕಾಲುವೆ ತೋಡಿಸಿ ಓಣಿಯ ಬಾಯಿಗೇ ನೀರು ತಂದ. ನೂಲಿಗೂ ಸೌದೆಗೂ ಗಾಡಿ ಗೊತ್ತು ಮಾಡಿದ. ಬಯಲಿನ ಬಾಗಿಲಲ್ಲಿ ತೊಟ್ಟಿಲು ತೂಗುಹಾಕಿದ ಒಂದು ಮನೆ ಎಬ್ಬಿಸಿ, ಕೂಸುಗಳನ್ನು ನೋಡಿಕೊಳ್ಳಲು ಓಣಿಯ ಹೆಂಗಸರನ್ನೇ ಸಂಬಳ ಕೊಟ್ಟು ಇಟ್ಟ. ಜನ ಅದನ್ನು ಸೋದರತ್ತೆಯ ಮನೆ ಎಂದರು. ಆ ವರ್ಷ ಪಂಚಮಿ ಮುಗಿಯಲೇ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನಮಲ್ಲ ಎದ್ದೇ ನಿಂತಿದ್ದ. ಅವನ ಮುಖ ಅರಳಿತ್ತು. ತಿಳಿಯಿತು, ಎಲ್ಲಕ್ಕಿಂತ ಮೊದಲು ಸೋದರತ್ತೆಯ ಮನೆಯನ್ನೇ ಕಟ್ಟಿಸುತ್ತೇನೆ, ಇವತ್ತೇ ಅಡಿಪಾಯ ತೋಡಿಸುತ್ತೇನೆ ಎಂದು ಗುರುಗಳ ಪಾದ ಮುಟ್ಟಿ ಹೊರಟ. ಹೊಸ್ತಿಲು ದಾಟುವಾಗ ಗುರುಗಳು ಹಿಂದಿನಿಂದ ಕೇಳಿದರು.

"ಚನ್ನಮಲ್ಲಾ, ನಿನ್ನ ಮನೆಯಲ್ಲಿ ಈಗ ಕೂಸನ್ನು ಎತ್ತಿಕೊಂಡು ನಿಂತಿರುವವಳಿಗೆ ವಯಸ್ಸೆಷ್ಟು?"

ಚನ್ನಮಲ್ಲ ಹೊಸ್ತಿಲ ಮೇಲೆಯೇ ನಿಂತ. ಆಮೇಲೆ ಅಡಿಪಾಯದ ಕಡೆಗಲ್ಲ, ಮನೆಯ ಕಡೆಗೆ ಓಡಿದ.