ಓಗೊಡದ ಕೇರಿ

ಅಳಿವೆಕೊಪ್ಪವನ್ನು ನಡೆದೇ ನೋಡಬೇಕೆಂದು ಬರುವವರಿಗೆ ಈಗ ಬಂದರಿನ ಬಳಿ ಒಂದು ನಕ್ಷೆ ಸಿಗುತ್ತದೆ. ದಾರಿ ತೋರುವವರು ಬೇಕಿಲ್ಲ. ಗೋಡೆಗಳ ಮೇಲೆ ನೀಲಿ ಬಣ್ಣದಲ್ಲಿ ಬರೆದ ಅಂಕಿಗಳನ್ನು ಹಿಡಿದು ಹಳೆಯ ಸುಂಕದ ಕಟ್ಟೆ, ಹಂಚಿನ ಉಗ್ರಾಣ, ಒಣಮೀನಿನ ಪೇಟೆ, ದೀಪಸ್ತಂಭ ಇವುಗಳನ್ನು ದಾಟಿದರೆ, ಒಂಬತ್ತನೆಯ ಅಂಕಿಯ ಹತ್ತಿರ ಹೊಳೆ ಕಡಲು ಸೇರುವ ಅಳಿವೆ ಕಾಣುತ್ತದೆ. ಅಲ್ಲಿಂದ ಎಡಕ್ಕೆ ಹೊರಳುವ ಇಕ್ಕಟ್ಟಾದ ಹಾದಿಯೇ ಓಗೊಡದ ಕೇರಿ. ನಕ್ಷೆಯಲ್ಲಿ ಹೆಸರಷ್ಟೇ ಇದೆ. ಅದು ಬಂದ ಬಗೆಯನ್ನು ನನಗೆ ಹೇಳಿದವರು ಆ ಕೇರಿಯಲ್ಲೇ ಹುಟ್ಟಿದ ಸೋಮಕ್ಕ ಹರಿಕಂತ್ರರು. ಹೇಳುವಾಗ ಅವರು ದನಿ ತಗ್ಗಿಸಿದ್ದರು.

ಹಿಂದೆ ಒಮ್ಮೆ, ಹಾಯಿದೋಣಿಗಳ ಕಾಲದಲ್ಲಿ, ಈ ಕೇರಿಯಿಂದ ಮೀನಿಗೆ ಹೋದ ಐದು ಮಂದಿ ಗಾಳಿಗೆ ಸಿಕ್ಕರು. ಮೂರನೆಯ ದಿನ ಅವರ ದೋಣಿಯ ಮುರಿದ ಚುಕ್ಕಾಣಿ ದಡಕ್ಕೆ ಬಂತು. ಹೆಂಗಸರು ಬಳೆ ಒಡೆದುಕೊಂಡರು. ಏಳನೆಯ ದಿನ ಬೆಳಗ್ಗೆ ಮಾಘದ ಮಂಜು ಎಷ್ಟು ದಟ್ಟವಾಗಿ ಇಳಿಯಿತೆಂದರೆ, ಅಂಗಳದಲ್ಲಿ ನಿಂತವರಿಗೆ ತಮ್ಮ ಜಗಲಿಯೇ ಕಾಣುತ್ತಿರಲಿಲ್ಲವಂತೆ. ಆ ಬಿಳುಪಿನೊಳಗಿಂದ, ಅಳಿವೆಯ ಕಡೆಯಿಂದ, ಒಂದು ಕೂಗು ಬಂತು. “ಹೊನ್ನೀ... ಏ ಹೊನ್ನೀ...”

ಒಲೆಯ ಮುಂದೆ ಕೂತಿದ್ದ ಹೊನ್ನಿ ಎದ್ದು ನಿಂತಳು. ಅದು ಅವಳ ಗಂಡ ಗೋಯ್ದನ ದನಿ. ಬೆನ್ನಿಗೇ ಇನ್ನೊಂದು ದನಿ, ಮತ್ತೊಂದು. ಒಂದೊಂದೂ ತಂತಮ್ಮ ಮನೆಯವರ ಹೆಸರು ಹಿಡಿದು ಕರೆಯುತ್ತಿತ್ತು. ಕೇರಿಯ ಯಜಮಾನ ಮಾಸ್ತಿ ತಾಂಡೇಲ ಮನೆಯಿಂದ ಮನೆಗೆ ಓಡಿದ. ಅವನ ಮಗ ಬುದ್ದುವೂ ಆ ದೋಣಿಯಲ್ಲಿದ್ದವನೇ. “ಯಾರೂ ಓಗೊಡಬೇಡಿ. ಸತ್ತವರು ಒಬ್ಬರೇ ಹೋಗೂದಿಲ್ಲ, ಜೊತೆಗೆ ಕರೀತಾರೆ. ಬಾಗಿಲು ಹಾಕಿ!” ಎಂದ. ಹನ್ನೊಂದು ಮನೆಗಳ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು, ಅಗಳಿಗಳು ಬಿದ್ದವು.

ಹೊನ್ನಿಯ ಬಾಯನ್ನು ಅವಳ ಅತ್ತೆ ಎರಡೂ ಕೈಯಿಂದ ಒತ್ತಿ ಹಿಡಿದಳು. ಕರೆಯುತ್ತಿದ್ದವನು ತನ್ನ ಮಗನೆಂದು ಗೊತ್ತಿದ್ದೇ ಹಿಡಿದಳು. “ದಿಕ್ಕು ತಿಳೀತಿಲ್ಲ! ಒಂದು ಕೂಗು ಹಾಕ್ರೇ!” ಎಂದು ಹೊರಗೆ ಮೊರೆ ಕೇಳುತ್ತಲೇ ಇತ್ತು. ಐದು ದನಿಗಳು ನಾಲ್ಕಾದವು. ಆಮೇಲೆ ಮೂರು. ಅಷ್ಟರಲ್ಲಿ ಗೋಯ್ದ ಕೆಮ್ಮಿದ, ಮೂಗಿಗೆ ನೀರು ಹೊಕ್ಕವರು ಕೆಮ್ಮುವ ಹಾಗೆ. ಹೊನ್ನಿ ಅತ್ತೆಯ ಕೈ ಕಿತ್ತೆಸೆದಳು. “ಅತ್ತೆ, ಸತ್ತವರು ಕೆಮ್ಮೂದುಂಟಾ?”

ಅಗಳಿ ಎಳೆದು, ಕೈಗೆ ಸಿಕ್ಕ ತಾಮ್ರದ ಕೊಡ ಎತ್ತಿಕೊಂಡು ಅವಳು ನೀರಂಚಿಗೆ ಓಡಿದಳು. ಕಲ್ಲಿನಿಂದ ಕೊಡ ಬಡಿಯುತ್ತ, “ಓ! ಇತ್ತ ಬನ್ನಿ, ಇತ್ತ!” ಎಂದು ಗಂಟಲು ಹರಿಯುವಂತೆ ಕೂಗಿದಳು. ಮರಳಿ ಕೇಳಿಸಿದ್ದು ಒಂದೇ ದನಿ. ಬಹಳ ಹೊತ್ತಾದ ಮೇಲೆ ಮಂಜಿನೊಳಗಿಂದ ಒಬ್ಬ ತೆವಳಿಕೊಂಡು ಬಂದ. ಅವನು ಗೋಯ್ದನಲ್ಲ, ತಾಂಡೇಲನ ಮಗ ಬುದ್ದು.

ದೋಣಿ ಒಡೆದ ಮೇಲೆ ಐವರೂ ಒಂದು ನಡುಗಡ್ಡೆ ಹತ್ತಿ, ಬಂಡೆಯ ಕುಳಿಯ ನೀರು ಕುಡಿದು ಜೀವ ಹಿಡಿದಿದ್ದರು. ಹಲಗೆಗಳನ್ನು ಕಟ್ಟಿಕೊಂಡು ತೇಲುತ್ತ ಬಂದಿದ್ದರು. ಅಳಿವೆಯ ಮರಳದಿಬ್ಬಕ್ಕೆ ಬಡಿದು ಹಲಗೆ ಬಿಚ್ಚಿಹೋಗಿತ್ತು. ಉಬ್ಬರ ಏರುತ್ತಿತ್ತು, ದಡ ಕೂಗಳತೆಯಲ್ಲೇ ಇತ್ತು, ಯಾವ ಕಡೆಗೆಂದು ಕಾಣುತ್ತಿರಲಿಲ್ಲ. ಗೋಯ್ದ ಕೊರಳ ಮಟ್ಟದ ನೀರಿನಲ್ಲಿ ನಿಂತು ಬುದ್ದುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದನಂತೆ. ಓಡಿ ಬಂದು ಕಾಲ ಬಳಿ ಕುಸಿದ ಅಪ್ಪನನ್ನು ನೋಡಿ ಬುದ್ದು ಹೇಳಿದ್ದು ಇಷ್ಟೇ: “ನೀವು ಬಾಗಿಲು ಹಾಕಿದ್ದು ನಮಗೆ ಕೇಳ್ತು, ಅಪ್ಪಾ.”

ಅಂದೇ ಮಾಸ್ತಿ ತಾಂಡೇಲ ತನ್ನ ಮನೆಯ ಕದ ಕಿತ್ತು ಕಡಲಿಗೆ ಹಾಕಿದ ಎನ್ನುತ್ತಾರೆ. ಉಳಿದವರೂ ಹಾಗೇ ಮಾಡಿದರು. ನಕ್ಷೆ ಹಿಡಿದು ಬರುವವರು ಇಂದಿಗೂ ನೋಡಬಹುದು: ಕೇರಿಯ ಹನ್ನೊಂದು ಮನೆಗಳಿಗೂ ಕಡಲ ಕಡೆ ಬಾಗಿಲವಾಡವಿದೆ, ಕದವಿಲ್ಲ. ಮಂಜು ಕವಿದ ದಿನ ಬಂದವರಿಗೆ ಇನ್ನೊಂದೂ ಕಾಣುತ್ತದೆ. ಪ್ರತಿ ಮನೆಯಿಂದ ಒಬ್ಬರು ನೀರಂಚಿಗೆ ಬಂದು “ಓ” ಎನ್ನುತ್ತಾರೆ. ಯಾರೂ ಕರೆದಿರುವುದಿಲ್ಲ. ಆದರೂ ಮಂಜು ಹರಿಯುವವರೆಗೆ ಅವರು ಅಲ್ಲೇ ನಿಂತು ಓಗೊಡುತ್ತಲೇ ಇರುತ್ತಾರೆ.